ಅರ್ಧ ಹಿಡಿಸಿದ, ಅರ್ಧ ಹಿಡಿಸದ ಕೋರ್ಟ್ ಥ್ರಿಲ್ಲರ್: ತೂಗುವುದು ಹೇಗೆ?

"ಸೀರಿಸ್ ಚೆನ್ನಾಗಿದೆ, ಆದ್ರೆ ಕೋರ್ಟ್ ಸೀನೆಲ್ಲ ಬುರುಡೆ." ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿ ಮುಂದೆ ಕೂತು ಹೀಗೆ ಹೇಳಿ ನೋಡಿ, ಪಕ್ಕದವರು ಸುಮ್ಮನಿರುವುದಿಲ್ಲ. ಯಾವ ಸೀನು, ಏನು ಬುರುಡೆ ಎಂದು ಕೇಳುತ್ತಾರೆ. ಅಲ್ಲಿ ತಡವರಿಸದಿರಲು ಒಂದು ಕೆಲಸ ಸಾಕು: ಕಾನೂನಿನ ತಪ್ಪು ಬರೀ ಅಲಂಕಾರಕ್ಕಿದೆಯೋ, ಕಥೆಯ ಗಂಟೇ ಅದರ ಮೇಲೆ ನಿಂತಿದೆಯೋ ಎಂದು ಬೇರೆ ಮಾಡುವುದು. ಮೊದಲನೆಯದನ್ನು ಕ್ಷಮಿಸಿ, ಎರಡನೆಯದಕ್ಕೆ ಅಂಕ ಕಳೆಯಿರಿ.

ಮೊದಲ ಕಂತಿನಲ್ಲೇ ಎರಡು ಸಂಗತಿ ಬರೆದಿಟ್ಟುಕೊಳ್ಳಿ: ಕಥೆ ನಡೆಯುವ ದೇಶ ಮತ್ತು ಅಪರಾಧ ನಡೆದ ವರ್ಷ. ದೇಶ ಬೇರೆಯಾದರೆ ಕಾನೂನೂ ಬೇರೆ. ಅಮೆರಿಕದ ಗಂಭೀರ ಕ್ರಿಮಿನಲ್ ಕೇಸಿನಲ್ಲಿ ತೀರ್ಪು ಕೊಡಲು ಜ್ಯೂರಿಯವರೆಲ್ಲ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರೆಲ್ಲ, ಒಮ್ಮತಕ್ಕೆ ಬರಬೇಕು, ಹಾಗಾಗಿ ಒಬ್ಬ ಒಪ್ಪದಿದ್ದರೂ ತೀರ್ಪು ಹೊರಬರುವುದಿಲ್ಲ. ಇಂಗ್ಲೆಂಡಿನಲ್ಲಿ ಚರ್ಚೆ ಸಾಕಷ್ಟು ಹೊತ್ತು ನಡೆದ ಮೇಲೆ ನ್ಯಾಯಾಧೀಶರು 10–2ರ ಬಹುಮತವನ್ನೂ ಒಪ್ಪಬಹುದು. ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಾಗಲೇ ಜ್ಯೂರಿಗೆ ಜಾಗ ಹೋಯಿತು.

ಕಥೆ ನಮ್ಮ ದೇಶದ್ದಾದರೆ ವರ್ಷದ ಲೆಕ್ಕ ಮುಖ್ಯ. 2024ರ ಜುಲೈ 1ರಿಂದ ಹಳೆಯ ಮೂರು ಕಾನೂನುಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. 2019ರ ಕೊಲೆಗೆ ವಕೀಲರು "302" ಎಂದರೆ ಸರಿಯೇ; ಹಳೆ ಅಪರಾಧಕ್ಕೆ ಹಳೆ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆ. 2025ರ ಕೊಲೆಗೂ 302 ಎಂದರೆ ತಪ್ಪು, ಅಲ್ಲಿ 103 ಬರಬೇಕು. ಹೊಸ ಸಂಹಿತೆಯ 302 ಇರುವುದು ಧಾರ್ಮಿಕ ಭಾವನೆಗೆ ನೋವು ತರುವ ಮಾತಿನ ಬಗ್ಗೆ! ನಗಬಹುದು, ಆದರೆ ಇದು ಅಲಂಕಾರದ ತಪ್ಪು. ನಂಬರ್ ತಿದ್ದಿದರೆ ಕಥೆಗೇನೂ ಆಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಕಂತು-ನಿಮಿಷ, ತೋರಿಸಿದ್ದೇನು, ಇದನ್ನು ತಿದ್ದಿದರೆ ಮುಂದೇನು ಕುಸಿಯುತ್ತದೆ. ಮೂರನೆಯದನ್ನು ಖಾಲಿ ಬಿಟ್ಟರೆ ಕೊನೆಗೆ ಉಳಿಯುವುದು ದೂರಿನ ಪಟ್ಟಿ ಮಾತ್ರ.

ಜಡ್ಜ್ ಸುತ್ತಿಗೆ ಬಡಿಯುವುದು, ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿಸುವುದು ಎರಡೂ ನಮ್ಮ ಕೋರ್ಟಿನಲ್ಲಿಲ್ಲ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ಸಾಕ್ಷಿ ದೇವರ ಹೆಸರಿನಲ್ಲೋ ಸತ್ಯನಿಷ್ಠೆಯಿಂದಲೋ ಪ್ರಮಾಣ ಮಾಡಿದರೆ ಮುಗಿಯಿತು. ಇವುಗಳ ಮೇಲೆ ಸಿಟ್ಟು ಖರ್ಚು ಮಾಡಬೇಡಿ.

ಸಿಟ್ಟು ಬರಬೇಕಾದ ಜಾಗ ಬೇರೆ. ಆರೋಪಿ ಪೊಲೀಸ್ ಠಾಣೆಯಲ್ಲಿ ತಪ್ಪೊಪ್ಪಿಕೊಂಡ, ಆ ವಿಡಿಯೋ ಕೋರ್ಟಿನಲ್ಲಿ ಹಾಕಿದರು, ಶಿಕ್ಷೆಯಾಯಿತು ಎಂದು ಕೊನೆಯ ಕಂತು ಮುಗಿದರೆ ಇಡೀ ಸರಣಿಯೇ ಕುಸಿದ ಹಾಗೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ, ಸಾಕ್ಷ್ಯ ಅಧಿನಿಯಮದ 23ನೇ ಕಲಂ ನೋಡಿ. ಆದರೆ ಅದರಲ್ಲೇ ಒಂದು ಕಿಂಡಿ ಇದೆ. "ಮಚ್ಚನ್ನು ಹಾಳುಬಾವಿಗೆ ಎಸೆದೆ" ಎಂದು ಅವನು ಹೇಳಿ, ಮಚ್ಚು ಅಲ್ಲೇ ಸಿಕ್ಕರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ನಡೆಯುತ್ತದೆ. "ಅದರಿಂದಲೇ ಕೊಂದೆ" ಎಂಬುದು ನಡೆಯುವುದಿಲ್ಲ. ಈ ಗೆರೆಯ ಮೇಲೆ ಕಥೆ ಕಟ್ಟಿದವರು ಓದಿಕೊಂಡು ಬರೆದಿದ್ದಾರೆ ಎಂದೇ ಲೆಕ್ಕ. ಬಲವಂತದ ಮಂಪರು ಪರೀಕ್ಷೆಗೂ ಇದೇ ಮಾತು: 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಿನಲ್ಲೇ.

ಕೊನೆ ಗಳಿಗೆಯಲ್ಲಿ ಪೆನ್‌ಡ್ರೈವ್ ತಂದು ಟೇಬಲ್ ಮೇಲೆ ಬಿಸಾಡುವ ದೃಶ್ಯ ಈಗ ಎಲ್ಲ ಕಡೆ ಇದೆ. ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅಂಥ ನಕಲಿನ ಜೊತೆ ಪ್ರಮಾಣಪತ್ರ ಬೇಕು, ಒಂದು ಭಾಗ ಹಾಜರುಪಡಿಸುವವರದು, ಇನ್ನೊಂದು ತಜ್ಞರದು, ಹ್ಯಾಷ್ ಮೌಲ್ಯವೂ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಸೇರಿ. ಎದುರು ವಕೀಲರು ಅದನ್ನು ಕೇಳದೆ ಬಾಯಿ ಮುಚ್ಚಿಕೊಂಡು ಕೂತರೆ ಅದು ಚಿತ್ರಕಥೆಯ ಸೋಮಾರಿತನ. ದಿಢೀರ್ ಸಾಕ್ಷಿಯನ್ನು ಮಾತ್ರ ಅವಸರದಲ್ಲಿ ಬೈಯಬೇಡಿ. ಸುರಕ್ಷಾ ಸಂಹಿತೆಯ 348ನೇ ಕಲಂ ಅಡಿ ಕೋರ್ಟ್ ಯಾವ ಹಂತದಲ್ಲೂ ಸಾಕ್ಷಿಯನ್ನು ಕರೆಸಬಹುದು. ಎದುರು ಪಕ್ಷಕ್ಕೆ ಕ್ರಾಸ್, ಅಂದರೆ ಪಾಟೀ ಸವಾಲು, ಮಾಡಲು ಬಿಟ್ಟರೋ ಇಲ್ಲವೋ, ಅದನ್ನು ನೋಡಿ. ಸೆಷನ್ಸ್ ಕೋರ್ಟ್ ಗಲ್ಲು ಎಂದ ಕೂಡಲೇ ನೇಣಿನ ಹಗ್ಗ ತೋರಿಸಿದರೂ ಗುರುತು ಹಾಕಿಕೊಳ್ಳಿ. ಹೈಕೋರ್ಟ್ ಖಾಯಂ ಮಾಡದೆ ಆ ಶಿಕ್ಷೆ ಜಾರಿಯಾಗದು.

ಪಾಟೀ ಸವಾಲಿನ ವೇಗದ ಬಗ್ಗೆ ಅನುಮಾನವಿದ್ದರೆ ದಾವಣಗೆರೆ ಅಥವಾ ಚಿತ್ರದುರ್ಗದ ಜಿಲ್ಲಾ ನ್ಯಾಯಾಲಯಕ್ಕೆ ಒಂದು ಬೆಳಿಗ್ಗೆ ಹೋಗಿ. ಅತ್ಯಾಚಾರ, ಪೋಕ್ಸೊದಂಥ ಕೇಸು ಬಿಟ್ಟರೆ ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ. ಫೋನ್ ಆಫ್ ಮಾಡಿ ಹಿಂದಿನ ಬೆಂಚಿನಲ್ಲಿ ಕೂರಿ. ಮೊದಲಿಗೆ ಬರೀ ಹೆಸರು ಕೂಗುವುದು, ಮುಂದಿನ ಡೇಟ್ ಕೊಡುವುದು ನಡೆಯುತ್ತದೆ. ಬೇಸತ್ತು ಎದ್ದು ಬಂದರೆ ಸಾಕ್ಷಿ ವಿಚಾರಣೆ ತಪ್ಪಿಹೋಗುತ್ತದೆ. ವಕೀಲರು ಕೇಳುತ್ತಾರೆ, ಸಾಕ್ಷಿ ಏನೋ ಗೊಣಗುತ್ತಾನೆ, ನ್ಯಾಯಾಧೀಶರು ಅದನ್ನು ವಾಕ್ಯ ಮಾಡಿ ಟೈಪಿಸ್ಟಿಗೆ ಹೇಳುತ್ತಾರೆ: "ಘಟನೆ ವೇಳೆ ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ." ಮುಂದಿನ ಪ್ರಶ್ನೆ ಕೀಬೋರ್ಡ್ ನಿಂತ ಮೇಲೆ. ಟಿವಿಯಲ್ಲಿ ಕಾಣುವ ಬಾಣಬಿರುಸಿನ ಪ್ರಶ್ನೋತ್ತರಕ್ಕೆ ಇಲ್ಲಿ ಎಡೆಯೇ ಇಲ್ಲ. ಹಾಗೆಂದು ಸರಣಿಯೂ ಇಷ್ಟೇ ನಿಧಾನವಾಗಿರಲಿ ಎನ್ನುವುದು ಅತಿಯಾಯಿತು. ಟೈಪಿಂಗ್ ಕತ್ತರಿಸುವುದು ಸಂಕಲನಕಾರರ ಹಕ್ಕು, ಉತ್ತರ ಬದಲಾಗದಿದ್ದರೆ ಸರಿ.

ಹೈಕೋರ್ಟಿನ ಯೂಟ್ಯೂಬ್ ನೇರಪ್ರಸಾರ ನೋಡಿ ಹೋಲಿಸಲು ಹೋಗಬೇಡಿ. ಅಲ್ಲಿ ಕೇಳಿಬರುವುದು ಹೆಚ್ಚಾಗಿ ವಾದ, ಕೊಲೆ ಕೇಸಿನ ಸಾಕ್ಷಿಗಳ ಕ್ರಾಸ್ ಅಲ್ಲ. ಎರಡರ ಲಯವೇ ಬೇರೆ.

ಅಭಿಪ್ರಾಯವನ್ನು ಕೊನೆಯ ಕಂತು ನೋಡಿದ ರಾತ್ರಿಯೇ ಬರೆಯಬೇಡಿ. ಕೊನೆ ಹಿಡಿಸಿದರೆ ನಡುವಿನ ಸೊಟ್ಟ ಮರೆಯುತ್ತದೆ, ಹಿಡಿಸದಿದ್ದರೆ ಮೊದಲ ಮೂರು ಕಂತಿನ ಒಳ್ಳೆ ಕೆಲಸವೂ ಕಾಣದು. ಮರುದಿನ ಮೂರನೇ ಕಾಲಂ ಮಾತ್ರ ಓದಿ. ಅಲ್ಲಿ ಒಂದೋ ಎರಡೋ ಗಂಟು ಕುಸಿದಿದ್ದರೆ, ಹಿಡಿಸಿದ ದೃಶ್ಯವೊಂದನ್ನು ಮೊದಲು ಹೆಸರಿಸಿ, ಆಮೇಲೆ ಕುಸಿದದ್ದನ್ನು ಕಂತು-ನಿಮಿಷ ಸಮೇತ ಹೇಳಿ. ನಟನೆಯ ಅಂಕ ಬೇರೆಯೇ ಇರಲಿ. ಕಾನೂನು ತಪ್ಪಿದ್ದಕ್ಕೆ ನಟಿಯನ್ನು ಬೈದವರೂ ಇದ್ದಾರೆ. ಕೊಲೆಗಾರ ಯಾರೆಂದು ಹೇಳದೆ ವಿವರಿಸಲಾಗದ ಗಂಟಾದರೆ, ಕೇಳುವವರು ಸರಣಿ ಮುಗಿಸಿದ್ದಾರಾ ಎಂದು ಮೊದಲೇ ವಿಚಾರಿಸಿ.