ಅರ್ಕಾವತ್ತು ಮೊದಲು, ಡಾರ್ಕ್ ಮೋಡ್ ಆಮೇಲೆ

ನಮ್ಮ ಸೋದರಮಾವ ವರ್ಷಗಟ್ಟಲೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಬರಹಗಳು ಒಂದು ಪೆನ್‌ಡ್ರೈವ್ ತುಂಬ ಇದ್ದವು. ಎಲ್ಲವೂ ಆಸ್ಕಿ ಫಾಂಟಿನವು, ಅಂದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸುವ ಹಳೆಯ ಬಗೆಯವು. ಮೊಬೈಲಿನಲ್ಲಿ ತೆರೆದರೆ ಬರೀ ಚಿಹ್ನೆಗಳು. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ಗೆ ತಿರುಗಿಸುವ ಸಿದ್ಧ ಪರಿವರ್ತಕಗಳು ಇವೆ. ಆದರೆ ನನಗೆ ನೂರಾರು ಫೈಲುಗಳನ್ನು ಒಟ್ಟಿಗೆ ತಿರುಗಿಸಬೇಕಿತ್ತು, ಎಡವಿದ ಕಡೆ ನಾನೇ ತಿದ್ದಬೇಕಿತ್ತು. ಹಾಗಾಗಿ ಒಂದು ಪರಿವರ್ತಕ ಬರೆಯಲು ಕೂತೆ.

ಮೊದಲ ಎರಡು ವಾರ ಫೈಲ್ ಎಳೆದು ಹಾಕುವ ಜಾಗ, ಡಾರ್ಕ್ ಮೋಡ್, ಪ್ರೋಗ್ರೆಸ್ ಬಾರ್ ಇವಕ್ಕೇ ಹೋಯಿತು. ಮಾವನಿಗೆ ತೋರಿಸಿದೆ. ಅವರು ಅದನ್ನೆಲ್ಲ ನೋಡಲೇ ಇಲ್ಲ, ನೇರ ಓದಲು ಶುರು ಮಾಡಿದರು. “ಇದೇನೋ, ‘ವರ್ಷ’ ಹೋಗಿ ‘ವಷರ್’ ಆಗಿದೆಯಲ್ಲೋ!”

ಆಸ್ಕಿ ಫಾಂಟಿನಲ್ಲಿ ಅಕ್ಷರದ ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ಕೂರುತ್ತವೆ. ಅರ್ಕಾವತ್ತು ‘ಷ’ ಆದಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮ: ಮೊದಲು ರ್, ಆಮೇಲೆ ಷ. ಆಸ್ಕಿಯಲ್ಲಿ ದೀರ್ಘವೂ ಬೇರೆ ತುಂಡು. ತಿರುಗಿಸುವಾಗ ‘ಕಿ’ ಮತ್ತು ದೀರ್ಘ ಸೇರಿ ‘ಕೀ’ ಆಗಬೇಕು.

ಅವತ್ತೇ ಉಳಿದ ಕೆಲಸ ನಿಲ್ಲಿಸಿದೆ. ಎಲ್ಲ ಫೈಲುಗಳಲ್ಲಿ ಜಾಸ್ತಿ ಸಲ ಬರುವ 500 ಪದಗಳನ್ನು ಎಣಿಸಿ ತೆಗೆದೆ. ಅವುಗಳ ಸರಿ ರೂಪವನ್ನು ಮಾವನೇ ಬರೆದುಕೊಟ್ಟರು. ಕೋಡ್ ಮುಟ್ಟಿದಾಗಲೆಲ್ಲ ಆ ಪಟ್ಟಿಯ ಜೊತೆ ಹೋಲಿಸಿ ನೋಡುತ್ತಿದ್ದೆ. ಯಾವ ತಪ್ಪಿನಿಂದ ಹೆಚ್ಚು ಪದ ಕೆಡುತ್ತದೋ ಅದನ್ನೇ ಮೊದಲು ಹಿಡಿದೆ. ಅರ್ಕಾವತ್ತು, ದೀರ್ಘ, ಆಮೇಲೆ ಒತ್ತಕ್ಷರ.

ದಪ್ಪ ಅಕ್ಷರ, ಓರೆ ಅಕ್ಷರ ಉಳಿಸುವುದನ್ನು ಕೈಬಿಟ್ಟೆ. ಹಳಗನ್ನಡದ ೞ, ಱ ಎರಡೋ ಮೂರೋ ಕಡೆ ಇದ್ದವು, ಕೈಯಲ್ಲೇ ತಿದ್ದಿದೆ. ಫೈಲ್ ಎಳೆದು ಹಾಕುವ ಜಾಗವನ್ನೂ ಕಿತ್ತೆ. ಫೋಲ್ಡರ್ ಹೆಸರು ಕೊಟ್ಟರೆ ಸಾಕು, ಓಡುತ್ತದೆ.

ಒಂದನ್ನು ಮಾತ್ರ ಬಿಡಲಿಲ್ಲ. ಗುರುತು ಸಿಗದ ಚಿಹ್ನೆ ಬಂದರೆ ಪರಿವರ್ತಕ ಅದನ್ನು ನುಂಗಬಾರದು. ಹಾಗೇ ಉಳಿಸಿ, ಯಾವ ಫೈಲಿನ ಎಷ್ಟನೇ ಸಾಲು ಎಂದು ಬರೆದಿಡಬೇಕು. ಇದು ಸುಮ್ನೆ ಮೇಲಿನ ಅಲಂಕಾರ ಅನಿಸಬಹುದು. ಆದರೆ ಬರೆದವರ ಒಂದು ಪದ ಸದ್ದಿಲ್ಲದೆ ಕಳೆದುಹೋದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಅಲ್ವಾ? ಇದೊಂದಕ್ಕೇ ಪೂರ್ತಿ ಮೂರು ದಿನ ಕೊಟ್ಟೆ. ಆ ದಿನಗಳ ಬಗ್ಗೆ ನನಗೆ ತುಂಬಾ ಸಮಾಧಾನವಿದೆ.

ನಡುವೆ ಬರುವ ಇಂಗ್ಲಿಷ್ ಪದಗಳು ಇನ್ನೂ ಕನ್ನಡದ ಚೂರುಗಳಾಗಿ ಬೀಳುತ್ತವೆ. ಎರಡಕ್ಕೂ ಸಂಕೇತಗಳು ಒಂದೇ, ವ್ಯತ್ಯಾಸ ಫಾಂಟಿನದು ಮಾತ್ರ. ಹಾಗಾಗಿ ಫೈಲಿನಿಂದ ಫಾಂಟಿನ ಹೆಸರನ್ನೂ ಓದಿಕೊಳ್ಳಬೇಕು. ಮುಂದಿನ ಕೆಲಸ ಅದು. ಅಷ್ಟರಲ್ಲಿ ಮಾವ ತಮ್ಮ ಹಳೆಯ ಲೇಖನಗಳನ್ನು ಮೊಬೈಲಿನಲ್ಲೇ ಹುಡುಕಿ ಓದುತ್ತಿದ್ದಾರೆ.