ಒಂದು ಜಾಗದ ಫೋಟೋ ಓದೋದು ಹೇಗೆ: ಮೊದಲು ಕ್ಯಾಮೆರಾ ಎಲ್ಲಿ ನಿಂತಿತ್ತು ಅಂತ ಹುಡುಕಿ

ನಾವು ಕಾಲೇ ಇಡದ ಎಷ್ಟೋ ಊರುಗಳ ಬಗ್ಗೆ ನಮಗೊಂದು ಅಭಿಪ್ರಾಯ ಇದ್ದೇ ಇರುತ್ತೆ, ಅದು ಸೇಫ್ ಅಲ್ಲ, ಇಲ್ಲಿ ಬರೀ ಬಡತನ, ಅಲ್ಲಿ ದಿನಾ ಗಲಾಟೆ ಅಂತ. ಫೋಟೋ ನೋಡಿ ನೋಡಿ ತಲೇಲಿ ಕೂತಿರೋದು ಅದು. ಆಮೇಲೆ ಅದೇ ಅಭಿಪ್ರಾಯ ಇಟ್ಕೊಂಡು ಅಲ್ಲಿಯವರಿಗೆ ಬಾಡಿಗೆ ಮನೆ ಕೊಡಲ್ಲ, ಕೆಲಸ ಕೊಡಲ್ಲ. ಅದಕ್ಕೇ ಫೋಟೋ ನೋಡೋವಾಗ ನಾನು ಏನೇನು ಮಾಡ್ತೀನಿ ಅಂತ ಬರೀತಿದೀನಿ, ಐದು ನಿಮಿಷದ ಕೆಲಸ ಅಷ್ಟೆ.

ಮೊದಲನೇದು, ಕ್ಯಾಮೆರಾ ಎಲ್ಲಿ ನಿಂತಿತ್ತು? ಕಣ್ಣಿನ ಮಟ್ಟದಲ್ಲಾ, ಡ್ರೋನ್‌ನಲ್ಲಾ, ಕಾರಿನ ಕಿಟಕಿಯಿಂದಾನಾ? ಒಂದು ಪ್ರತಿಭಟನೆ ಫೋಟೋನ ಪೊಲೀಸರ ಬೆನ್ನ ಹಿಂದೆ ನಿಂತು ತೆಗೆದ್ರೆ ಕಲ್ಲು ನೇರ ನಮ್ಮ ಮುಖಕ್ಕೇ ಬರ್ತಿರೋ ಹಾಗಿರುತ್ತೆ, ಜನರ ಮಧ್ಯೆ ನಿಂತು ತೆಗೆದ್ರೆ ಲಾಠಿ ನಮ್ಮ ಮೇಲೆ ಬೀಳ್ತಿರೋ ಹಾಗಿರುತ್ತೆ. ಲೆನ್ಸ್ ಯಾವುದು ಅಂತಾನೂ ಸ್ವಲ್ಪ ಯೋಚಿಸಿ. 2020ರಲ್ಲಿ ಕೊರೊನಾ ಟೈಮಲ್ಲಿ ಡೆನ್ಮಾರ್ಕ್‌ನ ಫೋಟೋಗ್ರಾಫರ್‌ಗಳು ಒಂದೇ ಜಾಗದ ಜನರನ್ನ ಅಗಲವಾಗಿ ಹಿಡಿಯೋ ವೈಡ್ ಲೆನ್ಸ್‌ನಲ್ಲೂ ದೂರದ್ದನ್ನ ಹತ್ತಿರ ಎಳೆಯೋ ಟೆಲಿ ಲೆನ್ಸ್‌ನಲ್ಲೂ ತೆಗೆದು ತೋರಿಸಿದ್ರು, ಟೆಲಿನಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದ ಹಾಗೆ, ವೈಡ್‌ನಲ್ಲಿ ಸಾಕಷ್ಟು ಅಂತರ ಬಿಟ್ಟು ನಿಂತಿದಾರೆ.

ಆಮೇಲೆ ಅಂಚು ನೋಡಿ. ಫ್ರೇಮಿನ ಆಚೆ ಏನಿರಬಹುದು ಅಂತ ಕೇಳ್ಕೊಳ್ಳಿ, ಸಾಧ್ಯ ಆದ್ರೆ ಅದೇ ಘಟನೆಯ ಬೇರೆ ಫೋಟೋ ಹುಡುಕಿ. 2003ರ ಏಪ್ರಿಲ್ 9ಕ್ಕೆ ಬಾಗ್ದಾದಿನ ಫಿರ್ದೋಸ್ ಚೌಕದಲ್ಲಿ ಅಮೆರಿಕದ ಸೇನೆ ಇರಾಕಿಗೆ ನುಗ್ಗಿದಾಗ ಅಲ್ಲಿನ ಅಧ್ಯಕ್ಷ ಸದ್ದಾಂ ಹುಸೇನ್ ಪ್ರತಿಮೆ ಉರುಳಿಸಿದ್ದು ನೆನಪಿದೆಯಲ್ಲ, ಟಿವಿಯ ಹತ್ತಿರದ ಶಾಟ್‌ಗಳಲ್ಲಿ ಇಡೀ ಊರೇ ಅಲ್ಲಿ ಸೇರಿದೆ ಅನ್ನೋ ಹಾಗಿತ್ತು, ದೂರದಿಂದ ತೆಗೆದ ಫೋಟೋಗಳಲ್ಲಿ ಚೌಕದ ಬಹುಪಾಲು ಖಾಲಿ. ವಿದೇಶಿ ಪತ್ರಕರ್ತರು ಇಳ್ಕೊಂಡಿದ್ದ ಪ್ಯಾಲೆಸ್ಟೈನ್ ಹೋಟೆಲ್ ಆ ಚೌಕದ ಎದುರಿಗೇ ಇತ್ತು, ಅಂದ್ರೆ ಕ್ಯಾಮೆರಾಗಳು ಮೊದಲೇ ಅಲ್ಲಿದ್ವು. ಊರಿನ ಬೇರೆ ಕಡೆ ಅವತ್ತೂ ಗುಂಡಿನ ಸದ್ದು ನಿಂತಿರಲಿಲ್ಲ, ಆದ್ರೆ ಪ್ರಪಂಚ ನೋಡಿದ್ದು ಈ ಒಂದು ಚೌಕವನ್ನ.

ಅಂಚಲ್ಲಿ ಜನಾನೇ ಕಾಣೆಯಾಗ್ತಾರೆ. 2020ರ ಜನವರಿಯಲ್ಲಿ ದಾವೋಸ್‌ನಲ್ಲಿ ಐದು ಹುಡುಗಿಯರು ಸಾಲಾಗಿ ನಿಂತಿದ್ದ ಫೋಟೋದಿಂದ ಉಗಾಂಡಾದ ಹವಾಮಾನ ಹೋರಾಟಗಾರ್ತಿ ವನೆಸ್ಸಾ ನಕಾಟೆಯನ್ನ ಒಂದು ಸುದ್ದಿಸಂಸ್ಥೆ ಕತ್ತರಿಸಿ ಹಾಕಿತ್ತು, ಉಳಿದ ನಾಲ್ವರೂ ಬಿಳಿಯರು. ಹಿಂದಿನ ಕಟ್ಟಡ ಗಮನ ಬೇರೆ ಕಡೆ ಸೆಳೀತಿತ್ತು ಅನ್ನೋ ಕಾರಣ ಕೊಟ್ರು. ಅಳಿಸಿದ್ದು ಒಂದು ಖಂಡವನ್ನೇ ಅಂತ ಆಕೆ ಹೇಳಿದ್ದು ನನಗೆ ಪೂರ್ತಿ ನ್ಯಾಯ ಅನ್ಸುತ್ತೆ. ಕಟ್ಟಡಕ್ಕೋಸ್ಕರ ಮನುಷ್ಯರನ್ನ ತೆಗೀಬಹುದು ಅಂತ ಯಾರಿಗಾದ್ರೂ ಅನ್ಸಿದ್ದೇ ತಪ್ಪು.

ಕ್ಯಾಪ್ಶನ್‌ನಲ್ಲಿ ಯಾರಿಗೆ ಹೆಸರಿದೆ, ಯಾರು ಬರೀ 'ನಿವಾಸಿಗಳು' ಅಂತಾನೂ ನೋಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ್ದು, ಫೋಟೋ ಬಂದಮೇಲೆ ಆ ಜಾಗಕ್ಕೆ ಏನಾಯ್ತು. 1880ರ ದಶಕದ ಕೊನೆಯಲ್ಲಿ ಜೇಕಬ್ ರೀಸ್ ಅನ್ನೋ ಪತ್ರಕರ್ತ ನ್ಯೂಯಾರ್ಕಿನ ಬಡವರ ವಠಾರಗಳಿಗೆ ರಾತ್ರಿ ಹೋಗಿ, ಕತ್ತಲೆ ಕೋಣೆಗಳಲ್ಲಿ ಫ್ಲಾಶ್ ಪೌಡರ್ ಹೊತ್ತಿಸಿ ಫೋಟೋ ತೆಗೀತಿದ್ದ. ನಿದ್ದೆಯಲ್ಲಿದ್ದೋರು ಬೆಚ್ಚಿಬಿದ್ದು ಕಣ್ಣು ಬಿಡ್ತಿದ್ರು, ನೋಡಿದೋರಿಗೆ ಆ ಮುಖಗಳೇ ಆ ಜಾಗದ ಗುರುತಾಯ್ತು. ಅವನ ಕಾಳಜಿ ನಿಜವಾದ್ದೇ, ಆ ಕೋಣೆಗಳಲ್ಲಿ ಗಾಳಿ ಬೆಳಕು ಇರಲಿಲ್ಲ. ಮಲ್ಬೆರಿ ಬೆಂಡ್ ಅನ್ನೋ ಆ ಭಾಗವನ್ನ ಕೆಡವಿದ್ರು, 1897ರಲ್ಲಿ ಅಲ್ಲಿ ಪಾರ್ಕ್ ತೆರೆದ್ರು. ಪಾರ್ಕ್ ಒಳ್ಳೇದೇ, ಆದ್ರೆ ಅಲ್ಲಿದ್ದೋರು ಗಂಟುಮೂಟೆ ಕಟ್ಕೊಂಡು ಬೇರೆ ಕಡೆ ಹೋಗ್ಬೇಕಾಯ್ತು, ಅವರು ಹೋಗ್ತಿರೋ ಫೋಟೋ ಎಷ್ಟು ಜನ ನೋಡಿದಾರೆ? ಹಾಗಾಗಿ ಒಂದು ಬಡಾವಣೆಯ ಕೆಟ್ಟ ಫೋಟೋಗಳು ಇದ್ದಕ್ಕಿದ್ದ ಹಾಗೆ ಜಾಸ್ತಿ ಬರೋಕೆ ಶುರುವಾದ್ರೆ, ಆ ಜಮೀನಿನ ಮೇಲೆ ಯಾರ ಕಣ್ಣಿದೆ ಅಂತ ವಿಚಾರಿಸಿ.

ಅಭ್ಯಾಸಕ್ಕೆ ಒಂದು ಕೆಲಸ ಮಾಡಿ. ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಜಾಗದ ಹೆಸರು ಟೈಪ್ ಮಾಡಿ ಇಮೇಜ್ ಸರ್ಚ್ ಕೊಡಿ, ಮೊದಲ ಇಪ್ಪತ್ತು ಫೋಟೋ ಎಣಿಸಿ, ಮೇಲಿಂದ ತೆಗೆದಿದ್ದು ಎಷ್ಟು, ಕೆಲಸ ಮಾಡೋರು ಕಾಣೋದು ಎಷ್ಟು, ಹೆಂಗಸರು ಎಷ್ಟರಲ್ಲಿದಾರೆ. ನೀವು ದಿನಾ ನೋಡೋ ಜಾಗ ಅದರಲ್ಲಿ ಸಿಗುತ್ತಾ ನೋಡಿ. ಸಿಗದೇ ಇದ್ರೆ ನೀವೇ ತೆಗೆದು ಹಾಕಿ, ಫೋಟೋದಲ್ಲಿರೋರನ್ನ ಕೇಳಿ, ಅವರು ಒಪ್ಪಿದ್ರೆ ಹೆಸರು ಬರೀರಿ, ತಾರೀಖು ಹಾಕಿ, ಜೊತೆಗೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ತೆಗೆದ ಇನ್ನೊಂದು ಫೋಟೋನೂ ಸೇರಿಸಿ.