ಪರೀಕ್ಷೆಯ ಇಂಗ್ಲಿಷ್: ಕನ್ನಡ ಮಾಧ್ಯಮದವರು ತಪ್ಪಿನ ಪುಸ್ತಕದಿಂದ ಶುರು ಮಾಡುವ ಕ್ರಮ

ಬ್ಯಾಂಕ್, ಎಸ್‌ಎಸ್‌ಸಿ, ಕೆಪಿಎಸ್‌ಸಿ, ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್, ಯಾವುದಕ್ಕೆ ಕೂತರೂ ಇಂಗ್ಲಿಷ್ ತಯಾರಿ ಸಾಮಾನ್ಯವಾಗಿ ಒಂದು ದಪ್ಪ ಗ್ರಾಮರ್ ಪುಸ್ತಕ ಕೊಳ್ಳುವುದರಿಂದ ಶುರುವಾಗುತ್ತದೆ. ನೌನ್, ಪ್ರೋನೌನ್ ಎಂದು ಮೊದಲ ಪುಟದಿಂದ ಓದುತ್ತಾ ಹೋದರೆ ಪ್ರಿಪೊಸಿಷನ್ ಮುಟ್ಟುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರಿಗೆ ಈ ದಾರಿ ಸುತ್ತುಬಳಸಿನದು. ಅವರ ತಪ್ಪುಗಳಲ್ಲಿ ಬಹುಪಾಲು ಒಂದೇ ಕಡೆಯಿಂದ ಬರುತ್ತವೆ: ತಲೆಯಲ್ಲಿ ಕನ್ನಡ ವಾಕ್ಯ ಮೊದಲು ಹುಟ್ಟುತ್ತದೆ, ಇಂಗ್ಲಿಷ್ ಅದರ ಮೇಲೆ ಕೂರುತ್ತದೆ. ಹಾಗಾಗಿ ಆ ತಪ್ಪುಗಳು ಮತ್ತೆ ಮತ್ತೆ ಅದೇ ರೂಪದಲ್ಲಿ ಬರುತ್ತವೆ, ಹುಡುಕಿದರೆ ಸಿಗುತ್ತವೆ.

ಮೊದಲ ವಾರ ಪುಸ್ತಕ ಬೇಡ. ನಿಮ್ಮ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಎರಡು ಇಟ್ಟುಕೊಂಡು, ಗಡಿಯಾರ ನೋಡದೆ, ಇಂಗ್ಲಿಷ್ ಭಾಗವನ್ನು ಮಾತ್ರ ಮಾಡಿ. ಪ್ರತಿ ಉತ್ತರದ ಪಕ್ಕದಲ್ಲಿ ಒಂದು ಗುರುತು ಹಾಕಿ: ಖಾತ್ರಿ ಇದ್ದರೆ ಸರಿ ಗುರುತು, ಅರೆಬರೆ ಇದ್ದರೆ ಚುಕ್ಕೆ, ಊಹೆಯಾದರೆ ಸೊನ್ನೆ. ಆಮೇಲೆ ಕೀ ಉತ್ತರದ ಜೊತೆ ತಾಳೆ ನೋಡಿ. ಖಾತ್ರಿ ಎಂದುಕೊಂಡು ತಪ್ಪಾದವು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಅವು ಪರೀಕ್ಷೆಯ ದಿನವೂ ಅಷ್ಟೇ ಖಾತ್ರಿಯಿಂದ ತಪ್ಪಾಗುತ್ತವೆ. ಊಹಿಸಿ ಸರಿಯಾದ ಉತ್ತರಗಳನ್ನೂ ತಪ್ಪಿನ ಲೆಕ್ಕಕ್ಕೇ ಸೇರಿಸಿ.

ಈಗ 200 ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ತಪ್ಪಾದ ವಾಕ್ಯವನ್ನು ಪೂರ್ತಿ ಬರೆಯಿರಿ, ಆಪ್ಷನ್ ಅಕ್ಷರ ಮಾತ್ರ ಬರೆದರೆ ಹದಿನೈದು ದಿನದ ಮೇಲೆ ಏನೂ ನೆನಪಾಗುವುದಿಲ್ಲ. ಬಲಪುಟದಲ್ಲಿ ಮೂರು ಸಾಲು: ನಾನು ಆರಿಸಿದ್ದು ಯಾವುದು, ಯಾಕೆ ಆರಿಸಿದೆ, ಸರಿ ಉತ್ತರಕ್ಕೆ ಆಧಾರ ಏನು. ಎರಡನೇ ಸಾಲು ಬರೆಯಲು ಬೇಜಾರಾಗುತ್ತದೆ, ಆದರೆ ಕಲಿಕೆ ಇರುವುದು ಅದರಲ್ಲೇ. ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸದೆ ಮಂಡಿಯಲ್ಲಿ ಬೆಲೆ ಕಟ್ಟುವುದಿಲ್ಲವಲ್ಲ, ಹಾಗೆ ತಪ್ಪುಗಳಿಗೂ ಒಂದೊಂದು ಹೆಸರು ಕೊಡಿ: ನಿಯಮ ಗೊತ್ತಿರಲಿಲ್ಲ, ಕನ್ನಡದ ಪ್ರಭಾವ, ಪದದ ಅರ್ಥ ಗೊತ್ತಿರಲಿಲ್ಲ, ಅವಸರ. 60 ತಪ್ಪು ಸೇರಿದ ಮೇಲೆ ಎಣಿಸಿ. ಗ್ರಾಮರ್ ಪುಸ್ತಕದ ಯಾವ ಅಧ್ಯಾಯ ಮೊದಲು ಓದಬೇಕೆಂದು ಆ ಎಣಿಕೆ ಹೇಳುತ್ತದೆ.

ಗ್ರಾಮರ್: ಕನ್ನಡ ಎಲ್ಲಿ ಕಾಲು ಎಳೆಯುತ್ತದೆ

ಎಲ್ಲಕ್ಕಿಂತ ದೊಡ್ಡದು ವಿಭಕ್ತಿ ಪ್ರತ್ಯಯ. ಕನ್ನಡದ ‘ಅಲ್ಲಿ’ ಎಂಬ ಒಂದೇ ಪ್ರತ್ಯಯಕ್ಕೆ ಇಂಗ್ಲಿಷಿನಲ್ಲಿ ಇನ್, ಆನ್, ಅಟ್ ಮೂರೂ ಬರುತ್ತವೆ. ಶಿವಮೊಗ್ಗದಲ್ಲಿ ಅಂದರೆ ‘ಇನ್ ಶಿವಮೊಗ್ಗ’, ಬಸ್ ಸ್ಟ್ಯಾಂಡಿನಲ್ಲಿ ಅಂದರೆ ‘ಅಟ್ ದ ಬಸ್ ಸ್ಟ್ಯಾಂಡ್’, ಬಸ್ಸಿನಲ್ಲಿ ಅಂದರೆ ‘ಆನ್ ದ ಬಸ್’, ಕಾರಿನಲ್ಲಿ ಅಂದರೆ ಮತ್ತೆ ‘ಇನ್ ದ ಕಾರ್’. ಇವನ್ನು ಪಟ್ಟಿ ಮಾಡಿ ಉರು ಹೊಡೆದರೆ ನಿಲ್ಲುವುದಿಲ್ಲ. ಪದದ ಜೊತೆಗೇ ಪ್ರಿಪೊಸಿಷನ್ ಸೇರಿಸಿ, ಒಂದೇ ಪದ ಎಂಬಂತೆ ಬಾಯಿಗೆ ರೂಢಿ ಮಾಡಬೇಕು.

ಇದರ ಇನ್ನೊಂದು ಮುಖ, ಬೇಡದ ಕಡೆ ಪ್ರಿಪೊಸಿಷನ್ ಸೇರಿಸುವುದು. ‘ಶಿವಮೊಗ್ಗಕ್ಕೆ ತಲುಪಿದೆ’ ಎಂದು ಯೋಚಿಸುವವರಿಗೆ ‘ರೀಚ್ಡ್ ಟು ಶಿವಮೊಗ್ಗ’ ಸರಿ ಅನ್ನಿಸುತ್ತದೆ, ‘ಕ್ಕೆ’ಗೆ ‘ಟು’ ಬಂದುಬಿಡುತ್ತದೆ. ‘ರೀಚ್’ ಪದಕ್ಕೆ ‘ಟು’ ಬೇಡ. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬುದರಿಂದ ‘ಡಿಸ್ಕಸ್ ಅಬೌಟ್’, ‘ಅವಳ ಜೊತೆ ಮದುವೆ’ಯಿಂದ ‘ಮ್ಯಾರೀಡ್ ವಿತ್’, ‘ನನಗೆ ಹೇಳಿದ’ ಎಂಬುದರಿಂದ ‘ಟೋಲ್ಡ್ ಟು ಮೀ’ ಹುಟ್ಟುತ್ತವೆ, ಮೂರೂ ತಪ್ಪು. ಗಮನಿಸಿ, ‘ಸೆಡ್ ಟು ಮೀ’ ಸರಿ, ‘ಟೋಲ್ಡ್’ಗೆ ಮಾತ್ರ ‘ಟು’ ಇಲ್ಲ. ವಾಕ್ಯದಲ್ಲಿ ತಪ್ಪು ಹುಡುಕುವ ಎರರ್ ಸ್ಪಾಟಿಂಗ್ ಪ್ರಶ್ನೆಗಳಲ್ಲಿ ಈ ಜಾತಿಯವು ಪದೇ ಪದೇ ಬರುತ್ತವೆ.

‘ಇಂದ’ ಕೂಡ ಹಾಗೆಯೇ. ‘ಎರಡು ವರ್ಷದಿಂದ’, ‘2023ರಿಂದ’ ಎರಡಕ್ಕೂ ನಮಗೆ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಅವಧಿಗೆ ‘ಫಾರ್ ಟೂ ಇಯರ್ಸ್’, ಶುರುವಾದ ಹೊತ್ತಿಗೆ ‘ಸಿನ್ಸ್ 2023’. ಜೊತೆಗೆ ‘ಓದುತ್ತಿದ್ದೇನೆ’ ಎಂಬುದು ‘ಆಮ್ ಸ್ಟಡಿಯಿಂಗ್’ ಆಗಿ ಬರುತ್ತದೆ. ಹಿಂದೆ ಶುರುವಾಗಿ ಈಗಲೂ ನಡೆದಿರುವ ಕೆಲಸಕ್ಕೆ ‘ಹ್ಯಾವ್ ಬೀನ್ ಸ್ಟಡಿಯಿಂಗ್’ ಬೇಕು. ಒಂದೇ ವಾಕ್ಯದಲ್ಲಿ ಎರಡು ಗುಂಡಿ ಇರುವುದರಿಂದ ಒಂದನ್ನು ಸರಿಪಡಿಸಿದವರು ಇನ್ನೊಂದರಲ್ಲಿ ಬೀಳುತ್ತಾರೆ.

ಕರ್ತೃ, ಕ್ರಿಯಾಪದದ ಹೊಂದಾಣಿಕೆಯಲ್ಲಿ ಆಗುವ ತಪ್ಪಿನ ಕಾರಣ ಸ್ವಾರಸ್ಯದ್ದು. ‘ಮಂಡಿಗೆ ಬಂದ ಅಡಿಕೆಗಳ ಬೆಲೆ ಏರಿದೆ’ ಎನ್ನುವಾಗ ಮುಖ್ಯ ಪದವಾದ ‘ಬೆಲೆ’ ಕ್ರಿಯಾಪದದ ಪಕ್ಕದಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ‘ದ ಪ್ರೈಸ್ ಆಫ್ ಅರೆಕನಟ್ಸ್’ ಎಂದು ಮುಖ್ಯ ಪದ ಮುಂದೆ ಹೋಗಿ, ಕ್ರಿಯಾಪದದ ಪಕ್ಕಕ್ಕೆ ಬಹುವಚನದ ‘ನಟ್ಸ್’ ಬಂದು ಕೂರುತ್ತದೆ. ಕಿವಿಗೆ ‘ಹ್ಯಾವ್’ ಸರಿ ಅನ್ನಿಸುತ್ತದೆ, ಉತ್ತರ ‘ಹ್ಯಾಸ್’. ಪರಿಹಾರ ಸುಲಭ: ‘ಆಫ್’ನಿಂದ ಕ್ರಿಯಾಪದದವರೆಗಿನ ಭಾಗವನ್ನು ಪೆನ್ಸಿಲ್ಲಿನಲ್ಲಿ ಹೊಡೆದುಹಾಕಿ, ಉಳಿದದ್ದನ್ನು ಓದಿ. ‘ಒನ್ ಆಫ್ ಮೈ ಫ್ರೆಂಡ್ಸ್’ಗೂ ಇದೇ ಉಪಾಯ, ‘ಒನ್’ ಉಳಿಯುತ್ತದೆ, ಆದ್ದರಿಂದ ‘ಹ್ಯಾಸ್’. ಅಲ್ಲಿ ‘ಫ್ರೆಂಡ್ಸ್’ ಬಹುವಚನದಲ್ಲೇ ಇರಬೇಕು.

ಆರ್ಟಿಕಲ್ ಕನ್ನಡದಲ್ಲಿ ಇಲ್ಲವೇ ಇಲ್ಲ, ಆದರೆ ‘ಎ’ ಬೇಕೋ ‘ಆ್ಯನ್’ ಬೇಕೋ ಎಂಬುದಕ್ಕೆ ಕನ್ನಡ ಲಿಪಿ ಒಳ್ಳೆಯ ಸಾಧನ. ಪದವನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ ಆ್ಯನ್, ವ್ಯಂಜನವಾದರೆ ಎ. ‘ಯೂನಿವರ್ಸಿಟಿ’ ಯಕಾರದಿಂದ ಶುರುವಾಗುತ್ತದೆ, ಹಾಗಾಗಿ ಎ. ಗಂಟೆ ಎಂಬ ಅರ್ಥದ ‘ಅವರ್’ ಅಕಾರದಿಂದ ಶುರುವಾಗುತ್ತದೆ, ಹಾಗಾಗಿ ಆ್ಯನ್. ‘ಎಂಎಲ್‌ಎ’ಗೂ ಆ್ಯನ್. ಒಂದು ಎಚ್ಚರ: ನಮ್ಮ ಮಾತಿನಲ್ಲಿ ‘ಎಗ್’ ಹೋಗಿ ‘ಯೆಗ್’, ‘ಎಂಜಿನಿಯರ್’ ಹೋಗಿ ‘ಯೆಂಜಿನಿಯರ್’ ಆಗುತ್ತದೆ. ಆ ಯಕಾರ ಇಂಗ್ಲಿಷಿನದಲ್ಲ, ಅದನ್ನು ನಂಬಿ ‘ಎ’ ಹಾಕಬೇಡಿ.

ಇನ್ನೆರಡು ಬೇಗ ಹೇಳಿಬಿಡಬಹುದು. ‘ದೋ’ ಇದ್ದ ವಾಕ್ಯದಲ್ಲಿ ‘ಬಟ್’ ಬರಬಾರದು. ‘ಐ ಡೋಂಟ್ ನೋ’ ಆದ ಮೇಲೆ ‘ವೇರ್ ಈಸ್ ಹೀ’ ಅಲ್ಲ, ‘ವೇರ್ ಹೀ ಈಸ್’.

ಪದಗಳು: ‘ಜೋರು’ ಒಂದೇ, ಇಂಗ್ಲಿಷಿನಲ್ಲಿ ನಾಲ್ಕು

ದಿನಕ್ಕೆ 50 ಪದ ಉರು ಹೊಡೆಯುವ ಪಟ್ಟಿಗಳು ಮೊಬೈಲಿನಲ್ಲಿ ಬೇಕಾದಷ್ಟು ಓಡಾಡುತ್ತವೆ. ದಿನಕ್ಕೆ ಎಂಟು ಸಾಕು, ಅವೂ ನೀವು ಓದಿದ ಪ್ಯಾಸೇಜಿನಿಂದಲೇ ಬಂದಿರಬೇಕು. ಒಂದು ಪದಕ್ಕೆ ಒಂದು ಕನ್ನಡ ಅರ್ಥ ಎಂದು ಬರೆದುಕೊಳ್ಳುವುದೇ ದೊಡ್ಡ ತೊಂದರೆ. ನಮಗೆ ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ, ಎಲ್ಲವೂ ಜೋರೇ. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’, ದನಿ ‘ಲೌಡ್’. ಖಾಲಿ ಜಾಗ ತುಂಬುವ ಕ್ಲೋಜ್ ಟೆಸ್ಟಿನಲ್ಲಿ ನಾಲ್ಕೂ ಆಪ್ಷನ್‌ಗಳ ಅರ್ಥ ಗೊತ್ತಿದ್ದರೂ ಉತ್ತರ ತಪ್ಪುವುದು ಇದಕ್ಕೇ. ಆದ್ದರಿಂದ ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ ಬರೆದುಕೊಳ್ಳುವ ಚೀಟಿಯಲ್ಲಿ ಪದ ಒಂಟಿಯಾಗಿ ಇರಬಾರದು, ಅದರ ಜೊತೆಗಾರ ಪದವೂ ಇರಬೇಕು: ‘ಹೆವಿ ರೇನ್’, ‘ಕಮಿಟ್ ಎ ಕ್ರೈಮ್’, ‘ಡಿಪೆಂಡ್ ಆನ್’.

ಕನ್ನಡದಲ್ಲಿ ಈಗಾಗಲೇ ಬಳಸುವ ಇಂಗ್ಲಿಷ್ ಪದಗಳ ಮೇಲೆ ವಿಶೇಷ ಕಣ್ಣಿಡಿ. ನಮಗೆ ‘ಹೋಟೆಲ್’ ಅಂದರೆ ದೋಸೆ ತಿನ್ನುವ ಜಾಗ, ಪ್ಯಾಸೇಜಿನಲ್ಲಿ ಅದು ಉಳಿದುಕೊಳ್ಳುವ ಜಾಗ. ‘ಒಂದು ಡೌಟು’ ಅಂದರೆ ನಮಗೆ ಪ್ರಶ್ನೆ, ಅಲ್ಲಿ ಅನುಮಾನ. ಗೊತ್ತಿರುವ ಪದ ಎಂದು ಕಣ್ಣು ಅವುಗಳ ಮೇಲೆ ಜಾರಿಹೋಗುತ್ತದೆ.

ಚೀಟಿಗಳನ್ನು ಬರೆದ ಮಾರನೇ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ತಿರುವಿ. ತಿರುವುವುದೆಂದರೆ ಓದುವುದಲ್ಲ. ಅರ್ಥದ ಬದಿ ನೋಡಿ ಪದವನ್ನು ಬಾಯಲ್ಲಿ ಹೇಳಬೇಕು, ಬರದಿದ್ದರೆ ಆ ಚೀಟಿ ಮತ್ತೆ ಮೊದಲ ದಿನಕ್ಕೆ ಹೋಗುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಈ ಹೊತ್ತು ಸಿಗುತ್ತದೆ, ಆದರೆ ತಿರುವುಗಳಲ್ಲಿ ಚೀಟಿ ನೋಡುತ್ತಾ ಕೂತರೆ ತಲೆ ಸುತ್ತುತ್ತದೆ. ಮೊಬೈಲಿನಲ್ಲಿ ನಿಮ್ಮದೇ ದನಿಯಲ್ಲಿ ಕನ್ನಡ ಅರ್ಥ ಹೇಳಿ, ಐದು ಸೆಕೆಂಡ್ ಬಿಟ್ಟು ಇಂಗ್ಲಿಷ್ ಪದಗುಚ್ಛ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಆ ಐದು ಸೆಕೆಂಡಿನಲ್ಲಿ ನೀವು ಮೊದಲು ಹೇಳಬೇಕು.

ಕಾಂಪ್ರಹೆನ್ಷನ್: ಗೊತ್ತಿರುವ ವಿಷಯವೇ ಕೈಕೊಡುತ್ತದೆ

ಓದುವ ಅಭ್ಯಾಸಕ್ಕೆ ನೇರವಾಗಿ ಇಂಗ್ಲಿಷ್ ಸಂಪಾದಕೀಯಕ್ಕೆ ಕೈಹಾಕಬೇಡಿ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಒಂದೇ ಸಂಸ್ಥೆಯ ಪತ್ರಿಕೆಗಳು, ಎರಡೂ 1948ರಲ್ಲಿ ಶುರುವಾದವು. ಒಂದು ಸುದ್ದಿಯನ್ನು ಮೊದಲು ಕನ್ನಡದಲ್ಲಿ ಓದಿ, ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿ. ವಿಷಯ ಗೊತ್ತಿರುವುದರಿಂದ ಕಣ್ಣು ವಾಕ್ಯದ ಕಟ್ಟಿನ ಮೇಲೆ ನಿಲ್ಲುತ್ತದೆ. ಮೂರು ವಾರ ಕಳೆದ ಮೇಲೆ ಕ್ರಮ ತಿರುಗಿಸಿ, ಇಂಗ್ಲಿಷ್ ಮೊದಲು. ಪತ್ರಿಕೆ ತರಿಸಲು ಆಗದಿದ್ದರೆ ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ, ಇಲ್ಲವೇ ನಿಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ವಿಚಾರಿಸಿ.

ಪರೀಕ್ಷೆಯ ಪ್ಯಾಸೇಜಿನಲ್ಲಿ ಕೆಲಸ ಬೇರೆ. ಮೊದಲು ಪ್ರತಿ ಪ್ಯಾರಾದ ಮೊದಲ ವಾಕ್ಯ ಮಾತ್ರ ಓದಿ, ಯಾವ ಪ್ಯಾರಾ ಯಾವುದರ ಬಗ್ಗೆ ಎಂಬ ನಕ್ಷೆ ತಲೆಯಲ್ಲಿ ಮೂಡುತ್ತದೆ. ಆಮೇಲೆ ಪ್ರಶ್ನೆಗೆ ಹೋಗಿ, ಅದರಲ್ಲಿನ ಹೆಸರು, ಇಸವಿ, ಸಂಖ್ಯೆ ಹಿಡಿದು ಪ್ಯಾಸೇಜಿನಲ್ಲಿ ಜಾಗ ಹುಡುಕಿ. ಸಿಕ್ಕಿದ ವಾಕ್ಯ, ಅದರ ಹಿಂದಿನದು, ಮುಂದಿನದು, ಈ ಮೂರನ್ನು ನಿಧಾನವಾಗಿ ಓದಿ. ಇಡೀ ಪ್ಯಾಸೇಜನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುತ್ತಾ ಹೋದವರಿಗೆ ಸಮಯ ಸಾಲುವುದಿಲ್ಲ. ಗೊತ್ತಿಲ್ಲದ ಪದ ಬಂದರೆ, ಅದು ಪ್ರಶ್ನೆಯಲ್ಲಿ ಇಲ್ಲದಿದ್ದರೆ, ದಾಟಿ.

ಐಇಎಲ್‌ಟಿಎಸ್‌ನ ‘ಟ್ರೂ, ಫಾಲ್ಸ್, ನಾಟ್ ಗಿವನ್’ ಪ್ರಶ್ನೆಗಳು ನಮ್ಮವರಿಗೆ ಬಹಳ ಕಷ್ಟ ಕೊಡುತ್ತವೆ. ಮಲೆನಾಡಿನ ಯಾರಿಗೂ ಗೊತ್ತಿರುವ ವಿಷಯ, ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳೋಣ. ಪ್ಯಾಸೇಜಿನ ಸಾರ ಇಷ್ಟು: 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಅದರ ನಂತರ ನಡೆದ ಪರೀಕ್ಷೆಯಲ್ಲಿ ಹೊಸ ವೈರಸ್ ಪತ್ತೆಯಾಯಿತು, ಅದು ಉಣುಗು ಕಚ್ಚುವುದರಿಂದ ಮನುಷ್ಯರಿಗೆ ಬರುತ್ತದೆ, ಸೌದೆಗೆಂದು ಕಾಡಿಗೆ ಹೋಗುವವರಿಗೆ ಅಪಾಯ ಹೆಚ್ಚು. ಈಗ ಮೂರು ಹೇಳಿಕೆ.

‘ಉರುವಲು ಸಂಗ್ರಹಿಸುವವರು ಹೆಚ್ಚು ಅಪಾಯದಲ್ಲಿದ್ದಾರೆ.’ ಪದ ಬದಲಾಗಿದೆ, ಅರ್ಥ ಅದೇ, ಆದ್ದರಿಂದ ಟ್ರೂ. ‘ಮಂಗಗಳು ಸಾಯುವ ಮೊದಲೇ ವೈರಸ್ ಪತ್ತೆಯಾಗಿತ್ತು.’ ಪ್ಯಾಸೇಜು ಇದಕ್ಕೆ ಎದುರಾದದ್ದನ್ನು ಹೇಳುತ್ತದೆ, ಫಾಲ್ಸ್. ‘ಈ ಕಾಯಿಲೆ ಬೇಸಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ.’ ಇಲ್ಲಿ ತೀರ್ಥಹಳ್ಳಿಯವರ ಕೈ ತಾನಾಗಿ ಟ್ರೂ ಕಡೆ ಹೋಗುತ್ತದೆ, ಯಾಕೆಂದರೆ ಮಂಗನ ಕಾಯಿಲೆಯ ಸಮಯ ಅವರಿಗೆ ಗೊತ್ತು. ಪ್ಯಾಸೇಜಿನಲ್ಲಿ ಕಾಲದ ಮಾತೇ ಇಲ್ಲ, ಉತ್ತರ ನಾಟ್ ಗಿವನ್. ದೂರದ ಊರಿನ, ಏನೂ ಗೊತ್ತಿಲ್ಲದ ಅಭ್ಯರ್ಥಿ ಇದನ್ನು ಸರಿಯಾಗಿ ಬರೆಯುತ್ತಾನೆ. ಹಾಗಾಗಿ ಪ್ರತಿ ಉತ್ತರಕ್ಕೂ ಪ್ಯಾಸೇಜಿನ ಯಾವ ಸಾಲು ಆಧಾರ ಎಂದು ಬೆರಳಿಟ್ಟು ತೋರಿಸಲು ಆಗಬೇಕು. ಟ್ರೂಗೆ ಒಪ್ಪುವ ಸಾಲು ಬೇಕು, ಫಾಲ್ಸ್‌ಗೆ ವಿರೋಧಿಸುವ ಸಾಲು ಬೇಕು, ಎರಡೂ ಸಿಗದಿದ್ದರೆ ನಾಟ್ ಗಿವನ್. ಪ್ಯಾಸೇಜಿನಲ್ಲಿ ‘ಮೋಸ್ಟ್’ ಇದ್ದು ಹೇಳಿಕೆಯಲ್ಲಿ ‘ಆಲ್’ ಇದ್ದರೆ ಒಂದು ಕ್ಷಣ ನಿಲ್ಲಿ, ಅಲ್ಲಿ ಸಾಮಾನ್ಯವಾಗಿ ಫಾಲ್ಸ್ ಇರುತ್ತದೆ.

‘ಎರಡು ಪದ ಮೀರದಂತೆ’ ಎಂದು ಸೂಚನೆ ಇದ್ದಾಗ ಮೂರು ಪದ ಬರೆದರೆ ವಿಷಯ ಸರಿಯಿದ್ದರೂ ಅಂಕ ಇಲ್ಲ. ಸ್ಪೆಲಿಂಗ್ ತಪ್ಪಿದರೂ ಇಲ್ಲ.

ಸಮಯ ಮತ್ತು ಊಹೆ

ಐಇಎಲ್‌ಟಿಎಸ್ ರೀಡಿಂಗ್‌ನಲ್ಲಿ 60 ನಿಮಿಷ, 40 ಪ್ರಶ್ನೆ. ಉತ್ತರ ಹಾಳೆಗೆ ಇಳಿಸಲು ಬೇರೆ ಸಮಯ ಕೊಡುವುದಿಲ್ಲ. ಅಕಾಡೆಮಿಕ್ ಪತ್ರಿಕೆಯ ಮೂರು ಪ್ಯಾಸೇಜಿಗೆ 17, 20, 23 ನಿಮಿಷದಂತೆ ಹಂಚಿಕೊಳ್ಳಿ, ಕೊನೆಯದು ಕಠಿಣ. ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ.

ಬ್ಯಾಂಕ್ ಪರೀಕ್ಷೆಯ ಮೊದಲ ಸುತ್ತಾದ ಪ್ರಿಲಿಮ್ಸ್‌ನಲ್ಲಿ ಹಾಗಲ್ಲ. ಬ್ಯಾಂಕ್ ಅಧಿಕಾರಿ ಹುದ್ದೆಯ ಐಬಿಪಿಎಸ್ ಪಿಒ ಪ್ರಿಲಿಮ್ಸ್‌ನ ಇಂಗ್ಲಿಷ್ 20 ನಿಮಿಷಕ್ಕೆ 30 ಪ್ರಶ್ನೆ, ತಲಾ 40 ಸೆಕೆಂಡ್. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಐದು ಆಪ್ಷನ್ ಇರುವಾಗ ಐದು ಪ್ರಶ್ನೆಗಳನ್ನು ಕಣ್ಣುಮುಚ್ಚಿ ಊಹಿಸಿದರೆ ಒಂದು ಸರಿಯಾಗಿ, ನಾಲ್ಕು ತಪ್ಪಾಗಿ, ಲೆಕ್ಕ ಸೊನ್ನೆಗೆ ಬರುತ್ತದೆ. ಎರಡು ಆಪ್ಷನ್ ಖಂಡಿತ ಅಲ್ಲ ಎಂದು ತೆಗೆದುಹಾಕಲು ಆದರೆ ಊಹೆಯಿಂದ ಲಾಭ: ಅಂಥ ಮೂರು ಪ್ರಶ್ನೆಗೆ ಸರಾಸರಿ ಅರ್ಧ ಅಂಕ. ಪ್ಯಾಸೇಜಿಗೆ ಸೇರದ ಬಿಡಿ ಪ್ರಶ್ನೆಗಳನ್ನು ಮೊದಲ ಎಂಟು ಒಂಬತ್ತು ನಿಮಿಷದಲ್ಲಿ ಮುಗಿಸಿ, ಪ್ಯಾಸೇಜು ಆಮೇಲೆ. ಪದವೀಧರರಿಗಿರುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿನ 25 ಪ್ರಶ್ನೆಗೆ 50 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಮಾದರಿ ಆಗಾಗ ಬದಲಾಗುತ್ತದೆ, ನಿಮ್ಮ ವರ್ಷದ ಅಧಿಸೂಚನೆ ತೆಗೆದು ಒಮ್ಮೆ ನೋಡಿಕೊಳ್ಳಿ.

ಈ ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗಳು ಕಂಪ್ಯೂಟರಿನಲ್ಲಿ ನಡೆಯುತ್ತವೆ. ಕಾಗದದ ಮೇಲೆ ಅಡಿಗೆರೆ ಹಾಕಿ ಓದುವ ರೂಢಿ ಅಲ್ಲಿ ಕೆಲಸಕ್ಕೆ ಬಾರದು, ಹಾಗಾಗಿ ಕೊನೆಯ ನಾಲ್ಕು ವಾರ ವಾರಕ್ಕೆ ಎರಡು ಮಾಕ್ ಟೆಸ್ಟ್ (ಅಭ್ಯಾಸದ ಅಣಕು ಪರೀಕ್ಷೆ) ಪರದೆಯ ಮೇಲೇ ಮಾಡಿ. ಮಾಕ್ 20 ನಿಮಿಷದ್ದಾದರೆ ತಪ್ಪಿನ ಪುಸ್ತಕಕ್ಕೆ 40 ನಿಮಿಷ ಕೊಡಿ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಪರದೆಯ ಕೆಲಸ ಬೆಳಿಗ್ಗೆ ಮುಗಿಸಿಕೊಂಡು ಚೀಟಿ, ನೋಟ್‌ಬುಕ್ ಸಂಜೆಗೆ ಇಟ್ಟುಕೊಳ್ಳಿ.

ಕೊನೆಯ ಮೂರು ದಿನ ಹೊಸ ಟೆಸ್ಟ್ ಬೇಡ. ತಪ್ಪಿನ ಪುಸ್ತಕದ ಎಡಪುಟದ ವಾಕ್ಯಗಳನ್ನು ಮಾತ್ರ, ಬಲಪುಟ ಮುಚ್ಚಿಕೊಂಡು, ತಿದ್ದುತ್ತಾ ಹೋಗಿ. ಎರಡನೇ ಸಲವೂ ತಪ್ಪಿದವನ್ನು ಒಂದೇ ಹಾಳೆಗೆ ಇಳಿಸಿ. ಬೆಳಗಿನ ಪಾಳಿಯ ಪರೀಕ್ಷೆಯಾದರೆ, ಅದೂ ಜೋರು ಮಳೆಯ ದಿನಗಳಲ್ಲಿ, ಹೊಸನಗರ, ಆಗುಂಬೆ ಕಡೆಯವರು ಹಿಂದಿನ ಸಂಜೆಯೇ ಶಿವಮೊಗ್ಗಕ್ಕೆ ಬಂದು ಉಳಿಯಿರಿ, ಆ ಹಾಳೆ ಜೇಬಿನಲ್ಲಿರಲಿ.